ಕಮಲದೆಲೆಯೂ ಮನದ ಕೊಳೆಯೂ



ಗುಡ್ಡ ಹತ್ತಿ ಸ್ವಾಮಿಯ ದರ್ಶನಕ್ಕೆ ಬರುವ ಭಕ್ತರು ಮೊದಲು ಕೆಳಗಿನ ಹೊಂಡದಲ್ಲಿ ಕೈಕಾಲು ತೊಳೆಯುತ್ತಾರೆ. ದಾರಿಯ ಧೂಳು ಹೋಗುತ್ತದೆ, ಬೆವರು ಹೋಗುತ್ತದೆ, ಮೈ ಹಗುರಾಗುತ್ತದೆ. ಆದರೆ ಮನಸ್ಸಿಗೆ ಹತ್ತಿದ ಕೊಳೆ ಹೊಂಡದ ನೀರಿಗೆ ಹೋಗುತ್ತದೆಯೇ? ಹೋಗುವುದಾಗಿದ್ದರೆ ಮೀನು, ಕಪ್ಪೆಗಳೇ ಮೊದಲು ಶಿವನ ಪಾದ ಸೇರಬೇಕಿತ್ತು ಎಂದು ಹಿರಿಯರು ನಗುತ್ತಾರೆ. ಹಾಗಾದರೆ ಮನದ ಕೊಳೆ ಹೋಗುವ ಬಗೆ ಯಾವುದು? ಇದಕ್ಕೆ ಉತ್ತರ ಹುಡುಕುತ್ತ ದೂರ ಹೋಗಬೇಕಾಗಿಲ್ಲ. ಹೊಂಡದಲ್ಲಿ ತೇಲುವ ಕಮಲದ ಎಲೆಯೇ ಆ ಉತ್ತರವನ್ನು ಹೇಳುತ್ತದೆ.

ಭಗವದ್ಗೀತೆಯ 5ನೇ ಅಧ್ಯಾಯದ 10ನೇ ಶ್ಲೋಕದಲ್ಲಿ ಶ್ರೀಕೃಷ್ಣ ಪರಮಾತ್ಮನು ಅರ್ಜುನನಿಗೆ ಇದೇ ಎಲೆಯನ್ನು ತೋರಿಸಿದ್ದಾನೆ. ಮಾಡುವ ಕರ್ಮವನ್ನೆಲ್ಲ ಬ್ರಹ್ಮನಿಗೆ ಒಪ್ಪಿಸಿ, ಆಸೆಯ ಅಂಟು ಬಿಟ್ಟು ನಡೆಯುವವನಿಗೆ ಪಾಪವು ಹತ್ತುವುದಿಲ್ಲ, ಕಮಲದ ಎಲೆಗೆ ನೀರು ಹತ್ತದ ಹಾಗೆ ಎಂಬುದು ಅದರ ಭಾವ. ಇಲ್ಲಿ ಒಂದು ಸೂಕ್ಷ್ಮವಿದೆ. ಕಮಲ ಎಂದ ಕೂಡಲೇ ಎಲ್ಲರ ಕಣ್ಣು ಹೂವಿನ ಮೇಲೆ ಹೋಗುತ್ತದೆ. ಭಗವಂತನು ಹೇಳಿದ್ದು ಹೂವಿನ ಮಾತಲ್ಲ, ಎಲೆಯ ಮಾತು. ಪೂಜೆಗೆ ಹೂವು ಬೇಕು, ಬಾಳಿಗೆ ಎಲೆಯ ಗುಣ ಬೇಕು.

ಹೊಂಡದ ದಂಡೆಯ ಮೇಲೆ ನಡೆದ ಮಾತು

ಹುನ್ನೂರ ಕಡೆಯ ಒಬ್ಬ ರೈತನ ಸಂಗತಿ ಇದಕ್ಕೆ ಒಳ್ಳೆಯ ದೃಷ್ಟಾಂತ. ಅಣ್ಣತಮ್ಮರಿಬ್ಬರು. ಹೊಳಿಸಾಲಿನಲ್ಲಿ ಅವ್ವನ ತವರಿನಿಂದ ಬಂದ ಕಬ್ಬಿನ ಹೊಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ನದಿಗೆ ಮಹಾಪೂರ ಬಂದಾಗ ಜಮಖಂಡಿ ತಾಲೂಕಿನ ಹೊಳೆ ದಂಡೆಯ ಊರುಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಈ ಅಣ್ಣತಮ್ಮರ ಕಬ್ಬೂ ನೀರಿನಲ್ಲಿ ನಿಂತು ಕೊಳೆಯಿತು. ನೀರು ಇಳಿದ ಮೇಲೆ ಹೊಲದ ತುಂಬ ರಾಡಿ. ಮುಂದೆ ಪರಿಹಾರದ ಹಣ ಬಂತು. ಉತಾರ ತಮ್ಮನ ಹೆಸರಿನಲ್ಲಿದ್ದುದರಿಂದ ಹಣ ಅವನ ಖಾತೆಗೆ ಹೋಯಿತು. ಅವನು ಅಣ್ಣನಿಗೆ ಹೇಳಲಿಲ್ಲ, ಕೊಡಲಿಲ್ಲ. ಅಂದಿನಿಂದ ಮಾತು ಬಂದ್. ಒಂದೇ ಅಂಗಳ, ನಡುವೆ ತಟ್ಟಿಗೋಡೆ. ಅವ್ವ ಎರಡೂ ಮನೆಯ ರೊಟ್ಟಿ ತಿನ್ನುತ್ತ ಎರಡೂ ಕಡೆ ಕಣ್ಣೀರು ಹಾಕುತ್ತಿದ್ದಳು.

ಆ ಅಣ್ಣ ಪ್ರತಿ ಅಮಾವಾಸ್ಯೆಗೆ ಬರಿಗಾಲಲ್ಲಿ ಗುಡ್ಡಕ್ಕೆ ಬರುತ್ತಿದ್ದ. ಒಂದು ದಿನ ಹೊಂಡದ ದಂಡೆಯ ಮೇಲೆ ಹೂ ಕಟ್ಟುತ್ತ ಕುಳಿತಿದ್ದ ವಯಸ್ಸಾದ ಅಜ್ಜನ ಮುಂದೆ ತನ್ನ ನೋವು ತೋಡಿಕೊಂಡ.

“ಯಜ್ಜಾ, ಹದಿನೆಂಟು ಅಮಾಸಿ ನಡಕೊಂಡು ಬಂದೇನಿ. ಹೊಂಡದಾಗ ಜಳಕಾ ಮಾಡೇನಿ, ಕಾಯಿ ಒಡಿಸೇನಿ. ಆದ್ರೂ ಮನಸಿನಾಗಿನ ರಾಡಿ ಹೋಗವಲ್ದು. ತಮ್ಮನ ಮಾರಿ ಕಂಡ್ರ ಎದಿ ಉರೀತೈತಿ.”

“ಆ ಸುದ್ದಿ ದಿನಾ ನೆನಸ್ತೀಯೇನು, ತಮ್ಮಾ?”

“ನೆನಸದ ಹ್ಯಾಂಗ ಇರ್ಲಿ? ಮಕ್ಕೊಂಡ್ರೂ ಅದ, ಎದ್ದರೂ ಅದ.”

“ಹಂಗಾರ ನೀ ತೊಳಿಯಾಕ ಹತ್ತಿಲ್ಲ, ತಿಕ್ಕಾಕ ಹತ್ತೀ. ಬಾ ಇಲ್ಲಿ, ಒಂದ ಮಾತು ತೋರಸ್ತೀನಿ.”

ಅಜ್ಜ ದಂಡೆಯ ಒಣ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ನೀರಿನಿಂದ ಮೇಲೆದ್ದು ನಿಂತ ಒಂದು ಕಮಲದ ಎಲೆಯ ಮೇಲೆ ಉದುರಿಸಿದ. ಹಸಿರು ಎಲೆ ಕೆಂಪಗಾಯಿತು. ತನ್ನ ಹಿತ್ತಾಳೆ ತಂಬಿಗೆಯನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೂ ಅಷ್ಟೇ ಮಣ್ಣು ಉದುರಿಸಿದ. ಬೆಳಿಗ್ಗೆಯಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ, ಥಳಥಳ ಹೊಳೆಯುವ ತಂಬಿಗೆ ಅದು. ಆಮೇಲೆ ಎರಡರ ಮೇಲೂ ಬೆರಳಿನಿಂದ ನಾಲ್ಕಾರು ಹನಿ ನೀರು ಬಿಟ್ಟ. ತಂಬಿಗೆಯ ಮೇಲೆ ಹನಿ ಹರಡಿಕೊಂಡು ಮಣ್ಣನ್ನು ರಾಡಿ ಮಾಡಿ ಅಲ್ಲೇ ಅಂಟಿಸಿತು. ಎಲೆಯ ಮೇಲೆ ಹನಿಗಳು ಮುತ್ತಿನ ಹಾಗೆ ಗುಂಡಗೆ ನಿಂತವು. ಅಜ್ಜ ಎಲೆಯನ್ನು ತುಸುವೇ ವಾಲಿಸಿದ. ಹನಿ ಉರುಳಿತು. ಉರುಳಿದ ದಾರಿಯುದ್ದಕ್ಕೂ ಮಣ್ಣನ್ನು ತನ್ನ ಮೈಗೆ ಹಚ್ಚಿಕೊಂಡು ಹೊಂಡಕ್ಕೆ ಬಿತ್ತು. ಹನಿ ಹೋದ ದಾರಿ ಹೊಸ ಎಲೆಯ ಹಾಗೆ ಸ್ವಚ್ಛ.

“ನೋಡಿದೇನು? ಎಲಿ ತನ್ನನ್ನ ತಾ ತಿಕ್ಕೊಳ್ಳಿಲ್ಲ. ಮಣ್ಣಿನ ಕೂಡ ಜಗಳಾನೂ ಮಾಡ್ಲಿಲ್ಲ. ಬರೇ ಹಿಡಕೊಳ್ಳಿಲ್ಲ, ಅಷ್ಟ.”

ಎಲೆಯ ಮೈಯೊಳಗಿನ ಗುಟ್ಟು

ಈ ಗುಟ್ಟನ್ನು ಇಂದಿನ ವಿಜ್ಞಾನಿಗಳೂ ಬಿಡಿಸಿ ನೋಡಿದ್ದಾರೆ. ಜರ್ಮನಿ ದೇಶದ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಅವರು 1970ರ ದಶಕದಲ್ಲಿ ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ಪರೀಕ್ಷಿಸುತ್ತಿದ್ದರು. ನೋಡುವ ಮೊದಲು ಎಲೆ ತೊಳೆಯಬೇಕಾಗುತ್ತಿತ್ತು. ನುಣುಪಾದ ಎಲೆಗಳ ಮೇಲೆ ಯಾವಾಗಲೂ ಧೂಳು; ಒರಟು ಮೈಯ ಕೆಲವು ಎಲೆಗಳು ಮಾತ್ರ ತೊಳೆಯದೆಯೂ ಸ್ವಚ್ಛ. ಅವರಿಗೆ ಆಶ್ಚರ್ಯವಾಯಿತು. ವರ್ಷಗಟ್ಟಲೆ ಅದರ ಬೆನ್ನು ಹತ್ತಿ, 1997ರಲ್ಲಿ ಕ್ರಿಸ್ಟೋಫ್ ನೈನ್‌ಹೌಸ್ ಎಂಬುವರ ಜೊತೆ ಒಂದು ಪ್ರಬಂಧ ಪ್ರಕಟಿಸಿದರು. ಅದರ ತಲೆಬರಹವೇ ಪವಿತ್ರ ಕಮಲದ ಶುದ್ಧತೆ ಎಂಬ ಮಾತಿನಿಂದ ಶುರುವಾಗುತ್ತದೆ. ಈ ಗುಣಕ್ಕೆ ಜಗತ್ತಿನಲ್ಲೆಲ್ಲ ಕಮಲದ ಹೆಸರೇ ಬಿತ್ತು, ಲೋಟಸ್ ಎಫೆಕ್ಟ್ ಅಂತ. 1999ರ ಹೊತ್ತಿಗೆ ಅದೇ ತತ್ವದ ಮೇಲೆ ಮಳೆ ಬಂದರೆ ತಾನೇ ಸ್ವಚ್ಛವಾಗುವ ಗೋಡೆಯ ಬಣ್ಣವನ್ನೂ ಜರ್ಮನಿಯಲ್ಲಿ ಮಾರಾಟಕ್ಕೆ ತಂದರು.

ಅವರು ಕಂಡದ್ದೇನು? ಕಣ್ಣಿಗೆ ನುಣುಪಾಗಿ ಕಾಣುವ ಕಮಲದ ಎಲೆ ನಿಜವಾಗಿ ನುಣುಪಲ್ಲ. ಅದರ ಮೈತುಂಬ ಸಣ್ಣ ಸಣ್ಣ ಗುಬ್ಬಿಗಳು. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಒಂದು ಭಾಗ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಗಾತ್ರ. ಆ ಗುಬ್ಬಿಗಳ ಮೇಲೆ ಮತ್ತೆ ಮೇಣದ ಎಳೆಗಳು. ಅವುಗಳ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಮೇಣಕ್ಕೆ ನೀರು ಆಗಿಬರುವುದಿಲ್ಲ. ಅದರ ಮೇಲೆ ಗುಬ್ಬಿಗಳ ಸಂದಿಯಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ಹೀಗಾಗಿ ಹನಿಯು ಎಲೆಯ ಮೇಲೆ ಮಲಗುವುದಿಲ್ಲ, ಗುಬ್ಬಿಗಳ ತುದಿಯ ಮೇಲೆ ಕುಳಿತಿರುತ್ತದೆ, ಅಷ್ಟೇ. ನೀರಿಗೆ ತನ್ನನ್ನು ತಾನು ಒಳಗೆ ಎಳೆದುಕೊಂಡು ಗುಂಡಗಾಗುವ ಸ್ವಭಾವವಿದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಕೆಳಗಿನಿಂದ ಯಾರೂ ಹಿಡಿಯದಿದ್ದಾಗ ಹನಿ ಪೂರ್ತಿ ಗುಂಡಾಗುತ್ತದೆ, ಗುಂಡಾದದ್ದು ಉರುಳುತ್ತದೆ.

ಧೂಳಿನ ಕಣದ ಕಥೆಯೂ ಅದೇ. ಅದಕ್ಕೂ ಎಲೆಯಲ್ಲಿ ಕೂಡಲು ಪೂರ್ತಿ ಜಾಗ ಸಿಗುವುದಿಲ್ಲ. ಅದೂ ಗುಬ್ಬಿಯ ತುದಿಯ ಮೇಲೆ ತುದಿಗಾಲಲ್ಲಿ ನಿಂತಿರುತ್ತದೆ. ಹನಿ ಉರುಳುತ್ತ ಬಂದು ಮುಟ್ಟಿದಾಗ ಎಲೆಯ ಹಿಡಿತಕ್ಕಿಂತ ನೀರಿನ ಹಿಡಿತವೇ ಜೋರಾಗುತ್ತದೆ. ಧೂಳು ಎಲೆಯನ್ನು ಬಿಟ್ಟು ಹನಿಯ ಮೈ ಹತ್ತುತ್ತದೆ, ಹನಿಯ ಜೊತೆಗೇ ಹೋಗುತ್ತದೆ. ನುಣುಪಾದ ತಂಬಿಗೆಯ ಮೇಲೆ ಹಾಗಲ್ಲ. ಅಲ್ಲಿ ಹನಿ ಉರುಳುವುದಿಲ್ಲ, ಹರಡುತ್ತ ಜಾರುತ್ತದೆ. ಧೂಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸವರಿ ಹೋಗುತ್ತದೆ.

ಇದೆಲ್ಲ ಎಲೆಗೆ ಚಂದಕ್ಕಾಗಿ ಬಂದದ್ದಲ್ಲ. ಬಹಳಷ್ಟು ಗಿಡಗಳ ಉಸಿರಿನ ರಂಧ್ರಗಳು ಎಲೆಯ ಕೆಳಮೈಯಲ್ಲಿ ಹೆಚ್ಚು. ಕಮಲದ ಎಲೆಗೆ ಅವು ಮೇಲ್ಮೈಯಲ್ಲಿವೆ. ಮೇಲೆ ರಾಡಿ ಕೂತರೆ ಉಸಿರೇ ಕಟ್ಟುತ್ತದೆ. ಎಲೆಗೆ ರೋಗ ತರುವ ಬೂಷ್ಟಿನ ಬೀಜಕಣಗಳೂ ಹನಿಯ ಜೊತೆ ಹೋಗಿಬಿಡುತ್ತವೆ. ಸ್ವಚ್ಛವಾಗಿರುವುದು ಅದಕ್ಕೆ ಪ್ರಾಣದ ಪ್ರಶ್ನೆ. ಮನುಷ್ಯನ ಮನಸ್ಸಿಗೂ ಹಾಗೇ ಅಲ್ಲವೇ?

ಎಲೆ ಹೇಳುವ ಪಾಠಗಳು

ಒಂದನೆಯದು: ಎಲೆಯ ಮೇಲೂ ಧೂಳು ಬೀಳುತ್ತದೆ. ನಿರ್ಲಿಪ್ತ ಎಂದರೆ ಯಾರ ಗೊಡವೆಯೂ ಬೇಡ ಎಂದು ದೂರ ಓಡುವವನು ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಕಮಲ ಇರುವುದೇ ಕೆಸರಿನ ಹೊಂಡದಲ್ಲಿ. ಗಾಳಿ ಬೀಸಿದಾಗ ಎಲ್ಲ ಎಲೆಗಳಂತೆ ಅದರ ಮೇಲೂ ಮಣ್ಣು ಬೀಳುತ್ತದೆ. ಸಂಸಾರದಲ್ಲಿದ್ದವನಿಗೆ ಮಾತು ಬರುತ್ತದೆ, ಮೋಸ ಆಗುತ್ತದೆ, ಸಿಟ್ಟು ಏಳುತ್ತದೆ. ಬೀಳುವುದನ್ನು ತಡೆಯುವುದು ಕೈಯಲ್ಲಿಲ್ಲ. ಬಿದ್ದದ್ದಕ್ಕೆ ಮೈತುಂಬ ಜಾಗ ಕೊಡದೇ ಇರುವುದು ಕೈಯಲ್ಲಿದೆ.

ಎರಡನೆಯದು: ನುಣುಪಾದದ್ದೆಲ್ಲ ಶುದ್ಧವಲ್ಲ. ಥಳಥಳ ಹೊಳೆಯುವ ತಂಬಿಗೆ ಸೋತಿತು, ಒರಟು ಎಲೆ ಗೆದ್ದಿತು. ನಯವಾದ ಮಾತು, ಇಸ್ತ್ರಿ ಮಾಡಿದ ಧೋತರ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಷ್ಟನ್ನೇ ನೋಡಿ ಯಾರನ್ನೂ ಶುದ್ಧ ಎನ್ನಲಾಗದು. ಬಿಸಿಲಲ್ಲಿ ದುಡಿದು ಒರಟಾದ, ಕಷ್ಟದ ಗುಬ್ಬಿಗಳೆದ್ದ ಜೀವವೇ ಎಷ್ಟೋ ಸಲ ಕೊಳೆಯನ್ನು ಬೇಗ ಬಿಡುತ್ತದೆ. ಶರಣರು ಕಾಯಕಕ್ಕೆ ಅಷ್ಟು ದೊಡ್ಡ ಸ್ಥಾನ ಕೊಟ್ಟದ್ದು ಸುಮ್ಮನೆ ಅಲ್ಲ.

ಮೂರನೆಯದು: ತಿಕ್ಕಬಾರದು. ದಾರಿಬದಿಯ ಎಕ್ಕೆಯ ಎಲೆಯನ್ನು ನೋಡಿ. ಮೇಲೆ ವಿಭೂತಿ ಬಳಿದ ಹಾಗೆ ಬೂದು ಬಣ್ಣದ ಮೇಣದ ಪುಡಿ ಇರುತ್ತದೆ. ಹೆಬ್ಬೆರಳಿನಿಂದ ಒಂದು ಸಲ ಒತ್ತಿ ಒರೆಸಿದರೆ ಅದು ಹೋಗುತ್ತದೆ. ಒರೆಸಿದ ಜಾಗದಲ್ಲಿ ಹನಿ ಮೊದಲಿನ ಹಾಗೆ ಗುಂಡಗೆ ನಿಲ್ಲುವುದಿಲ್ಲ. ಕಮಲದ ಎಲೆಯದೂ ಅದೇ ಗತಿ. ಸ್ವಚ್ಛ ಮಾಡುತ್ತೇನೆಂದು ತಿಕ್ಕಿದವನು ಎಲೆಯ ಕವಚವನ್ನೇ ತೆಗೆದ ಹಾಗಾಯಿತು. ಆದ ಅನ್ಯಾಯವನ್ನು ದಿನಕ್ಕೆ ಹತ್ತು ಸಲ ನೆನೆಯುವುದೂ ಹೀಗೆಯೇ ತಿಕ್ಕುವುದು. ಆದರೆ ದೇವರು ಕರುಣಾಳು. ಬದುಕಿರುವ ಎಷ್ಟೋ ಗಿಡಗಳು ಕಳೆದುಕೊಂಡ ಮೇಣವನ್ನು ಒಳಗಿನಿಂದ ಮತ್ತೆ ತುಂಬಿಕೊಳ್ಳುತ್ತವೆ. ಸುಮ್ಮನೆ ಬಿಟ್ಟರೆ ಸಾಕು.

ನಾಲ್ಕನೆಯದು: ಎಣ್ಣೆ, ಸಾಬೂನಿನಿಂದ ಎಚ್ಚರ. ನೀರನ್ನು ಗುಂಡಗೆ ಉರುಳಿಸುವ ಇದೇ ಎಲೆ ಎಣ್ಣೆಯ ಮುಂದೆ ಸೋಲುತ್ತದೆ. ಎಣ್ಣೆಯ ಹನಿ ಅದರ ಮೇಲೆ ಹರಡಿಕೊಂಡು ಬಿಡುತ್ತದೆ. ಸಾಬೂನಿನ ನೀರೂ ಹಾಗೇ; ಅದು ನೀರಿನ ಎಳೆತವನ್ನು ಸಡಿಲು ಮಾಡಿ ಗುಬ್ಬಿಗಳ ಸಂದಿಗೆ ಇಳಿಸುತ್ತದೆ. ಕ್ಯಾಬೇಜ ಬೆಳೆಯುವ ರೈತರಿಗೆ ಇದು ಗೊತ್ತು. ಬರೀ ನೀರಿನ ಔಷಧ ಹೊಡೆದರೆ ಎಲೆಯ ಮೇಲಿಂದ ಉರುಳಿ ಹೋಗುತ್ತದೆ ಅಂತ ಸ್ಟಿಕರ್ ಬೆರೆಸಿ ಹೊಡೆಯುತ್ತಾರೆ. ಬೈಗುಳವನ್ನು ತಡೆದುಕೊಂಡ ಎಷ್ಟೋ ದೊಡ್ಡವರು ಹೊಗಳಿಕೆಯ ಜಿಡ್ಡಿಗೆ ಸೋತಿದ್ದಾರೆ. ನಿಂದೆಯ ನೀರಿಗಿಂತ ಸ್ತುತಿಯ ಎಣ್ಣೆ ಕಠಿಣ.

ಐದನೆಯದು: ಹನಿ ಬರಲೇಬೇಕು. ಮಳೆ ಇಲ್ಲ, ಇಬ್ಬನಿ ಇಲ್ಲ ಎಂದರೆ ಕಮಲದ ಎಲೆಯ ಮೇಲೂ ಧೂಳು ಹಾಗೇ ಇರುತ್ತದೆ. ಮೈ ಎಷ್ಟೇ ಸಿದ್ಧವಿರಲಿ, ತೊಳೆಯುವ ಹನಿ ಮೇಲಿನಿಂದ ಬರಬೇಕು. ಅದೇ ಗುರುಕೃಪೆ, ಅದೇ ಸ್ವಾಮಿಯ ಕರುಣೆ. ಎಲೆ ಮಾಡಬೇಕಾದ್ದು ಇಷ್ಟೇ: ತುಸು ಬಾಗಬೇಕು. ಸೆಟೆದು ನಿಂತರೆ ಹನಿಯು ಕೊಳೆಯನ್ನು ಹೊತ್ತುಕೊಂಡು ಅಲ್ಲೇ ನಿಲ್ಲುತ್ತದೆ. ಬಾಗಿದರೆ ಉರುಳುತ್ತದೆ.

ಎರಡು ಹನಿ ಕೂಡಿದಾಗ

ಮಳೆಯೇ ಇಲ್ಲದ ಕಾಲಕ್ಕೆ ಏನು ಮಾಡಬೇಕು ಎಂದು ಯಾರಾದರೂ ಕೇಳಬಹುದು. ಅದಕ್ಕೂ ಸೃಷ್ಟಿಯಲ್ಲಿ ಉತ್ತರವಿದೆ. ಗಿಡದ ಕಾಂಡದ ಮೇಲೆ ಕುಳಿತು ಚಿರ್ ಅಂತ ಕೂಗುವ ಸಿಕಾಡಾ ಎಂಬ ಜೀರುಂಡೆಯ ರೆಕ್ಕೆಯೂ ನೀರು ಹಿಡಿಯದ ಮೈಯದು. ಅಮೇರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚುವಾನ್ ಹುವಾ ಚೆನ್ ಮತ್ತು ಅವರ ಜೊತೆಗಾರರು 2013ರಲ್ಲಿ ಅದರ ಮೇಲೆ ಕೂಡುವ ಇಬ್ಬನಿಯನ್ನು ಪರೀಕ್ಷಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು. ಒಂದೊಂದೇ ಇದ್ದಾಗ ಅವು ಧೂಳನ್ನು ಎತ್ತಲಾರವು. ಆದರೆ ಪಕ್ಕಪಕ್ಕದ ಹನಿಗಳು ಬೆಳೆದು ಒಂದಕ್ಕೊಂದು ಮುಟ್ಟಿ ಕೂಡಿದ ಕ್ಷಣಕ್ಕೆ, ಕೂಡಿದ ಹನಿ ಚಂಗನೆ ಮೇಲೆ ಹಾರುತ್ತದೆ. ಹಾರುವಾಗ ರೆಕ್ಕೆಯ ಮೇಲಿನ ಕೊಳೆಯನ್ನೂ ಜೊತೆಗೆ ಕಿತ್ತುಕೊಂಡು ಹೋಗುತ್ತದೆ. ಗಾಳಿ ಬೇಡ, ಮಳೆ ಬೇಡ, ಇಳಿಜಾರೂ ಬೇಡ. ಎರಡು ಹನಿ ಬೇರೆ ಬೇರೆ ಇದ್ದಾಗ ಅವುಗಳ ಮೈ ದೊಡ್ಡದು, ಒಂದಾದಾಗ ಒಟ್ಟು ಮೈ ಸಣ್ಣದಾಗುತ್ತದೆ. ಉಳಿದ ಶಕ್ತಿಯೇ ಆ ಜಿಗಿತ.

ಸತ್ಸಂಗ ಎಂದರೆ ಇದೇ ಅಲ್ಲವೇ? ಒಬ್ಬನಿಂದ ಎತ್ತಲಾಗದ ಭಾರ, ಇಬ್ಬರು ಕೂಡಿದ ಕೂಡಲೇ ಹಾರಿಹೋಗುತ್ತದೆ. ಬೇರೆ ಬೇರೆ ಇದ್ದಾಗ ಇಬ್ಬರ ನಾನು ದೊಡ್ಡದು. ಕೂಡಿದಾಗ ನಾನು ಸಣ್ಣದಾಗುತ್ತದೆ, ಕಾಣದ ಬಲ ಹುಟ್ಟುತ್ತದೆ.

ಹಾಗಾದರೆ ಮನಸ್ಸಿಗೆ ಏನೂ ಹತ್ತಲೇಬಾರದೇ, ಭಕ್ತಿಯೂ ಬೇಡವೇ, ಪ್ರೀತಿಯೂ ಬೇಡವೇ? ಹಾಗಲ್ಲ. ರಬಕವಿ ಬನಹಟ್ಟಿಯ ನೇಕಾರರನ್ನು ಕೇಳಿದರೆ ಹೇಳುತ್ತಾರೆ. ಹಸಿ ಹತ್ತಿಯ ನೂಲಿಗೂ ಹುಟ್ಟಿನಿಂದ ಮೇಣದ ಅಂಶವಿರುತ್ತದೆ. ಅದನ್ನು ಕುದಿಸಿ ತೆಗೆಯದಿದ್ದರೆ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಬಣ್ಣ ಹತ್ತಬೇಕಾದಲ್ಲಿ ಮೇಣ ಹೋಗಬೇಕು, ಕೊಳೆ ಹತ್ತಬಾರದಲ್ಲಿ ಮೇಣ ಇರಬೇಕು. ಕಮಲವನ್ನೇ ನೋಡಿ. ಎಲೆ ನೀರನ್ನು ಒಲ್ಲೆ ಎನ್ನುತ್ತದೆ, ಬೇರು ಅದೇ ನೀರನ್ನು ಕುಡಿದು ಬದುಕುತ್ತದೆ. ಒಳಗೆ ಬೇರಿನಂತೆ ಭಕ್ತಿಯನ್ನು ಹೀರಬೇಕು, ಹೊರಗೆ ಎಲೆಯಂತೆ ದ್ವೇಷವನ್ನು ಉರುಳಿಸಬೇಕು.

ಗುಡ್ಡ ಇಳಿದ ಮೇಲೆ

ಆ ರೈತ ಅಂದು ಬಹಳ ಹೊತ್ತು ಹೊಂಡದ ದಂಡೆಯ ಮೇಲೆ ಕುಳಿತಿದ್ದ. ಕಡೆಗೆ ಕೇಳಿದ:

“ಹಂಗಾರ ರೊಕ್ಕ ಬಿಟ್ಟ ಬಿಡ್ಲ್ಯಾ ಯಜ್ಜಾ? ಅದರಾಗ ನನ್ನ ಮಕ್ಕಳ ಪಾಲೂ ಐತಲ್ಲ?”

“ಬಿಡು ಅಂತ ಯಾರಂದ್ರು? ಲೆಕ್ಕಾ ಬ್ಯಾರೆ, ಕೊಳಿ ಬ್ಯಾರೆ. ಲೆಕ್ಕಾ ಕೇಳು. ಕೊಳಿ ಬಿಡು. ಕೊಳಿ ಹಚ್ಚಿಕೊಂಡು ಲೆಕ್ಕಾ ಕೇಳಿದ್ರ ಅದು ಜಗಳಾ ಆಕ್ಕೈತಿ. ಮೊದಲ ನೀ ಬಾಗು.”

ಸಂಜೆ ಆತ ಮನೆಗೆ ಹೋಗಿ ತಟ್ಟಿಗೋಡೆಯ ಆ ಕಡೆಗೆ ಪ್ರಸಾದ ಹಿಡಿದು ನಿಂತ. ತಮ್ಮನ ಸಣ್ಣ ಮಗಳು ಓಡಿ ಬಂದು, “ಅಪ್ಪಾ, ದೊಡ್ಡಪ್ಪ ಬಂದಾನ” ಎಂದಳು. ತಮ್ಮ ಹೊರಗೆ ಬಂದ. ಇಬ್ಬರಿಗೂ ಮಾತು ಹೊರಡಲಿಲ್ಲ. ತಮ್ಮನೇ ಮೊದಲು ಅಂದ, “ಬಾ ಯಣ್ಣಾ, ಕುಂದ್ರು ಬಾ.” ಚಹಾ ಬಂತು. ಚಹಾ ಆರುವ ಹೊತ್ತಿಗೆ ತಮ್ಮನ ಕಣ್ಣು ತುಂಬಿತ್ತು. “ಅರ್ಧಾ ರೊಕ್ಕ ಹೊಲದಾಗಿನ ರಾಡಿ ತಗಸಾಕ ಹೋತು ಯಣ್ಣಾ. ಉಳಿದದ್ದು ನಾ ಖರ್ಚ ಮಾಡಿಕೊಂಡೆ. ನಿನಗ ಹೇಳಾಕ ಮಾರಿ ಇರಲಿಲ್ಲ. ತಪ್ಪಾತು. ಕಬ್ಬಿನ ಬಿಲ್ಲ ಬಂದ ಮ್ಯಾಲೆ ಲೆಕ್ಕಾ ಮಾಡೂಣು.”

ಲೆಕ್ಕ ಅಂದೇ ಮುಗಿಯಲಿಲ್ಲ. ಎರಡು ಹಂಗಾಮು ಹಿಡಿಯಿತು, ನಡುವೆ ಒಂದೆರಡು ಸಲ ದನಿಯೂ ಏರಿತು. ಆದರೆ ಮಾತು ನಿಲ್ಲಲಿಲ್ಲ. ಮುಂದಿನ ಅಮಾವಾಸ್ಯೆಗೆ ಅವ್ವ ಇಬ್ಬರು ಮಕ್ಕಳ ಕೈ ಹಿಡಿದು ಗುಡ್ಡ ಹತ್ತಿದಳು.

ಭಕ್ತಬಾಂಧವರೇ, ದರ್ಶನಕ್ಕೆ ಬಂದವರು ಹೊಂಡದ ದಂಡೆಯಲ್ಲಿ ಎರಡು ನಿಮಿಷ ನಿಂತು ಆ ಎಲೆಯನ್ನು ನೋಡಿರಿ. ಎಲೆಯನ್ನು ಹರಿಯಬೇಡಿರಿ, ಕೈಯಿಂದ ಒರೆಸಬೇಡಿರಿ. ಹೊಂಡದ ನೀರಿಗೆ ಸಾಬೂನು, ಎಣ್ಣೆ, ಪ್ಲಾಸ್ಟಿಕ್ ಹಾಕಬೇಡಿರಿ. ತಂಬಿಗೆಯಿಂದ ಒಂದು ಹನಿ ಬಿಟ್ಟು, ಅದು ಉರುಳುವುದನ್ನು ನೋಡುತ್ತ, ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರನ್ನು ಒಂದು ಸಲ ಮನಸ್ಸಿನಲ್ಲಿ ತಂದುಕೊಳ್ಳಿರಿ. ಆಮೇಲೆ ಮೆಟ್ಟಿಲು ಹತ್ತಿರಿ. ಗರ್ಭಗುಡಿಯ ಬಾಗಿಲು ಗಿಡ್ಡದಿದೆ. ಬಾಗದೆ ಒಳಗೆ ಹೋಗಲು ಬರುವುದಿಲ್ಲ.

ಗುಡ್ಡದೊಡೆಯನ ಕೃಪೆಯಿಂದ ಸಕಲ ಭಕ್ತರಿಗೂ ಮಂಗಲವಾಗಲಿ. ಶರಣು ಶರಣಾರ್ಥಿ.